ಮಾರುವೇಷದ ಗಿರಾಕಿ: ಉಪ ಆದಾಯವೋ, ಬರಿಯ ಓಡಾಟವೋ?

ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಹರಿದರೆ ಗಂಗಾವತಿಯ ಪೇಟೆಗೆ ಕಳೆ. ನೀರು ನಿಂತರೆ ಅಕ್ಕಿ ಗಿರಣಿಯಿಂದ ಹಿಡಿದು ಓಣಿಯ ಕಿರಾಣಿ ಅಂಗಡಿಯವರೆಗೆ ಎಲ್ಲರ ಗಲ್ಲಾಪೆಟ್ಟಿಗೆಯೂ ಹಗುರ. 2024ರ ಆಗಸ್ಟ್ ತಿಂಗಳಲ್ಲಿ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ರೈತರಷ್ಟೇ ವರ್ತಕರೂ ಕಂಗಾಲಾದುದು ಈ ಕಾರಣಕ್ಕಾಗಿಯೇ. ಕುಷ್ಟಗಿ ಮತ್ತು ಯಲಬುರ್ಗಾ ಭಾಗದಲ್ಲಿ ಬಹುಪಾಲು ಬೇಸಾಯ ಮಳೆಯನ್ನೇ ನಂಬಿದೆ. ಅಲ್ಲಿಯ ವ್ಯಾಪಾರವೂ ಮುಗಿಲನ್ನೇ ನೋಡುತ್ತದೆ. ಒಂದೇ ಆದಾಯವನ್ನು ನೆಚ್ಚಿ ಕುಳಿತರೆ ಮನೆ ನಡೆಯದು ಎಂಬ ಮಾತು ಇಂತಹ ಪ್ರದೇಶದಲ್ಲಿ ಕೇಳಿಬರುವುದು ಸಹಜ.

ಈ ಚಿಂತೆಗೆ ಉತ್ತರವೆಂಬಂತೆ ಇತ್ತೀಚಿನ ವರ್ಷಗಳಲ್ಲಿ ಮೊಬೈಲ್ ಫೋನಿನ ತೆರೆಯ ಮೇಲೆ ಒಂದು ಬಗೆಯ ಆಹ್ವಾನ ಪದೇ ಪದೇ ಕಾಣಿಸಿಕೊಳ್ಳುತ್ತಿದೆ. ಅಂಗಡಿಗೆ ಗಿರಾಕಿಯಂತೆ ಹೋಗಿರಿ, ಸೇವೆ ಹೇಗಿತ್ತೆಂದು ವರದಿ ಬರೆಯಿರಿ, ಬಿಡುವಿನ ವೇಳೆಯಲ್ಲಿ ಹಣ ಗಳಿಸಿರಿ ಎಂಬುದು ಅದರ ಸಾರಾಂಶ. ಇದಕ್ಕೆ ಮಿಸ್ಟರಿ ಶಾಪಿಂಗ್ ಎಂದು ಹೆಸರು. ಅಂಗಡಿಯ ಗುಮಾಸ್ತರು, ಪದವಿ ಮುಗಿಸಿ ಕೆಲಸಕ್ಕೆ ಕಾದಿರುವ ವರ್ತಕರ ಮಕ್ಕಳು, ಮನೆಯಲ್ಲಿರುವ ಗೃಹಿಣಿಯರು ಇದರತ್ತ ಆಕರ್ಷಿತರಾಗುತ್ತಿರುವುದರಿಂದ, ಈ ಉದ್ಯೋಗ ನಿಜವಾಗಿಯೂ ಕೈ ಹಿಡಿಯುವಂಥದೇ ಎಂಬುದನ್ನು ಜಮಾ-ಖರ್ಚಿನ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ.

ಪದ್ಧತಿಯ ಸ್ವರೂಪ

ಮಾರುವೇಷದಲ್ಲಿ ಪೇಟೆಯ ಸ್ಥಿತಿಗತಿ ಅರಿಯುವ ಕ್ರಮ ನಮ್ಮ ದೇಶಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವರ್ತಕರ ವೇಷದ ಗೂಢಚಾರರ ಪ್ರಸ್ತಾಪವಿದೆ. ತೂಕ ಮತ್ತು ಅಳತೆಯಲ್ಲಿ ಮೋಸ ಮಾಡುವ ವ್ಯಾಪಾರಿಗಳಿಗೆ ದಂಡದ ವಿಧಾನವೂ ಅದರಲ್ಲಿದೆ. ಆಧುನಿಕ ರೂಪದ ಮಿಸ್ಟರಿ ಶಾಪಿಂಗ್ ಅಮೆರಿಕದಲ್ಲಿ ಬೆಳೆಯಿತು. ಈ ಹೆಸರು 1940ರ ದಶಕದಲ್ಲಿ ಅಲ್ಲಿ ಬಳಕೆಗೆ ಬಂದಿತೆಂದು ಹೇಳಲಾಗುತ್ತದೆ. ಇಂತಹ ಸೇವೆ ಒದಗಿಸುವ ಕಂಪನಿಗಳು 1998ರಲ್ಲಿ ಎಂಎಸ್‌ಪಿಎ ಎಂಬ ಸಂಘವನ್ನು ಕಟ್ಟಿಕೊಂಡವು. ಏಷ್ಯಾ-ಪೆಸಿಫಿಕ್ ವಲಯಕ್ಕೂ ಅದರ ಶಾಖೆಯಿದೆ.

ಕೆಲಸದ ರೀತಿ ಸ್ಥೂಲವಾಗಿ ಹೀಗಿದೆ. ವಾಹನ ತಯಾರಕರು, ಬ್ಯಾಂಕುಗಳು, ಉಡುಪಿನ ಮಳಿಗೆಗಳು, ಹೋಟೆಲು ಸಮೂಹಗಳು ಮುಂತಾದವರು ತಮ್ಮ ಶಾಖೆ ಅಥವಾ ಡೀಲರುಗಳ ಸೇವೆಯನ್ನು ಪರೀಕ್ಷಿಸಲು ಒಂದು ಏಜೆನ್ಸಿಯನ್ನು ನೇಮಿಸುತ್ತಾರೆ. ಏಜೆನ್ಸಿಯಲ್ಲಿ ಹೆಸರು ನೋಂದಾಯಿಸಿದ ವ್ಯಕ್ತಿಗೆ ಯಾವ ಮಳಿಗೆಗೆ ಎಂದು ಹೋಗಬೇಕು, ಏನು ಕೇಳಬೇಕು, ಏನನ್ನು ಗಮನಿಸಬೇಕು ಎಂಬ ಲಿಖಿತ ಸೂಚನೆ ಬರುತ್ತದೆ. ಆತ ಸಾಮಾನ್ಯ ಗಿರಾಕಿಯಂತೆ ಹೋಗಿ ಬಂದು, ಗೊತ್ತುಪಡಿಸಿದ ಅವಧಿಯೊಳಗೆ ಪ್ರಶ್ನಾವಳಿ ತುಂಬಿ, ಬಿಲ್ಲಿನ ಛಾಯಾಚಿತ್ರ ಸಮೇತ ಕಳುಹಿಸಬೇಕು. ಏಜೆನ್ಸಿಯವರು ವರದಿಯನ್ನು ಪರಿಶೀಲಿಸಿ ಒಪ್ಪಿದರೆ ಮಾತ್ರ ಸಂಭಾವನೆ. ಅದು ಕೈ ಸೇರಲು ಒಂದೆರಡು ತಿಂಗಳು ಹಿಡಿಯುವುದುಂಟು.

ಈ ವಿಧಾನದ ಉಪಯೋಗವನ್ನು ತಳ್ಳಿಹಾಕುವಂತಿಲ್ಲ. ಭಾರತದ ಜೀವವಿಮಾ ಏಜೆಂಟರ ಬಳಿಗೆ ತರಬೇತಿ ಪಡೆದವರನ್ನು ಗಿರಾಕಿಗಳಂತೆ ಕಳುಹಿಸಿ ಸಂತೋಷ್ ಅನಗೋಲ್, ಶಾನ್ ಕೋಲ್ ಮತ್ತು ಶಾಯಕ್ ಸರ್ಕಾರ್ ಎಂಬ ಸಂಶೋಧಕರು ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಗಿರಾಕಿಗೆ ಹಿತವಾದ ಅಗ್ಗದ ಟರ್ಮ್ ಪಾಲಿಸಿಗಿಂತ ಹೆಚ್ಚು ಕಮಿಷನ್ ತರುವ ದುಬಾರಿ ಪಾಲಿಸಿಯನ್ನೇ ಏಜೆಂಟರು ಬಹುಮಟ್ಟಿಗೆ ಶಿಫಾರಸು ಮಾಡುತ್ತಿದ್ದರೆಂಬುದು ಅದರಿಂದ ಬೆಳಕಿಗೆ ಬಂದಿತು. ನೇರವಾಗಿ ಕೇಳಿದ್ದರೆ ಯಾವ ಏಜೆಂಟನೂ ಇದನ್ನು ಒಪ್ಪಿಕೊಳ್ಳುತ್ತಿರಲಿಲ್ಲ.

ಕಾನೂನಿನಲ್ಲಿಯೇ ಇರುವ ಪರೀಕ್ಷಾರ್ಥ ಖರೀದಿ

ಮಾರುವೇಷದ ಗಿರಾಕಿ ದೊಡ್ಡ ಕಂಪನಿಗಳ ಮಳಿಗೆಗೆ ಮಾತ್ರ ಬರುತ್ತಾನೆಂದು ವರ್ತಕ ಬಾಂಧವರು ಭಾವಿಸಬಾರದು. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 67ನೇ ಕಲಮಿನ 12ನೇ ಉಪಕಲಮಿನ ಪ್ರಕಾರ, ಆಯುಕ್ತರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಯು ಯಾವುದೇ ವ್ಯಕ್ತಿಯ ಮೂಲಕ ಅಂಗಡಿಯಲ್ಲಿ ಸರಕನ್ನು ಖರೀದಿ ಮಾಡಿಸಿ, ತೆರಿಗೆ ಬಿಲ್ಲು ಕೊಡಲಾಗುತ್ತಿದೆಯೇ ಎಂದು ಪರೀಕ್ಷಿಸಬಹುದು. ನಂತರ ಆ ಸರಕನ್ನು ಹಿಂದಿರುಗಿಸಿದಾಗ ವರ್ತಕನು ಬಿಲ್ಲನ್ನು ರದ್ದುಗೊಳಿಸಿ ಹಣವನ್ನು ಮರಳಿಸಬೇಕು. ಬಿಲ್ಲಿಲ್ಲದೆ ಮಾರಿದ್ದು ಸಾಬೀತಾದರೆ 10,000 ರೂಪಾಯಿ ಅಥವಾ ತಪ್ಪಿಸಿದ ತೆರಿಗೆ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದಂಡ ವಿಧಿಸಲು 122ನೇ ಕಲಮಿನಲ್ಲಿ ಅವಕಾಶವಿದೆ. ನೋಂದಣಿಯಿಲ್ಲದ ಗಿರಾಕಿಗೆ ಮಾಡಿದ 200 ರೂಪಾಯಿಗಿಂತ ಕಡಿಮೆಯ ಮಾರಾಟಕ್ಕೆ, ಆತ ಕೇಳದಿದ್ದಲ್ಲಿ, ದಿನದ ಕೊನೆಗೆ ಒಟ್ಟುಗೂಡಿಸಿ ಒಂದೇ ಬಿಲ್ಲು ಬರೆಯುವ ರಿಯಾಯಿತಿಯಿದೆ. ಅದಕ್ಕಿಂತ ಮೇಲ್ಪಟ್ಟ ಮಾರಾಟಕ್ಕೆ ಈ ರಿಯಾಯಿತಿ ಇಲ್ಲ. ರಸಗೊಬ್ಬರದ ಅಂಗಡಿಗಳಂತೂ 1985ರ ರಸಗೊಬ್ಬರ ನಿಯಂತ್ರಣ ಆದೇಶದನ್ವಯ ಪ್ರತಿಯೊಬ್ಬ ರೈತನಿಗೂ ರಸೀದಿ ಕೊಡಲೇಬೇಕು. ಆದ್ದರಿಂದ ಅಂಗಡಿಗೆ ಬಂದ ಅಪರಿಚಿತ ಯಾರೆಂದು ಊಹಿಸುತ್ತ ಕೂಡುವುದಕ್ಕಿಂತ, ಬಂದವರೆಲ್ಲರಿಗೂ ಬಿಲ್ಲು ಕೊಡುವ ರೂಢಿಯೇ ಸುಲಭ.

ಗಳಿಕೆಯ ಲೆಕ್ಕ

ಇನ್ನು ಉಪ ಆದಾಯದ ವಿಚಾರ. ಸಂಭಾವನೆ ಏಜೆನ್ಸಿಯಿಂದ ಏಜೆನ್ಸಿಗೆ, ಕೆಲಸದಿಂದ ಕೆಲಸಕ್ಕೆ ಬೇರೆಯಾಗುತ್ತದೆ. ಈ ಕೆಳಗಿನ ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಹಿಡಿದುಕೊಂಡ ಉದಾಹರಣೆಗಳು ಮಾತ್ರ. ಓದುಗರು ತಮಗೆ ಬಂದ ನೈಜ ಮೊತ್ತವನ್ನು ಇದೇ ಕೋಷ್ಟಕದಲ್ಲಿಟ್ಟು ನೋಡಿಕೊಳ್ಳಬಹುದು.

ಮೊದಲನೆಯ ಸಂದರ್ಭ: ಗಂಗಾವತಿಯ ಯುವಕನೊಬ್ಬನಿಗೆ ಕೊಪ್ಪಳದ ದ್ವಿಚಕ್ರ ವಾಹನ ಮಳಿಗೆಯೊಂದನ್ನು ಪರೀಕ್ಷಿಸುವ ಕೆಲಸ ಬಂದಿದೆ, ಸಂಭಾವನೆ 500 ರೂಪಾಯಿ. ಹೋಗಿ ಬರಲು ಸುಮಾರು 90 ಕಿಲೋಮೀಟರ್. ಬೈಕು ಲೀಟರಿಗೆ 45 ಕಿಲೋಮೀಟರ್ ಓಡಿದರೆ 2 ಲೀಟರ್ ಪೆಟ್ರೋಲು ಬೇಕು. ಲೀಟರಿಗೆ 103 ರೂಪಾಯಿಯಂತೆ 206 ರೂಪಾಯಿ. ಟೈರು, ಆಯಿಲು, ಸವಕಳಿ ಎಂದು ಕಿಲೋಮೀಟರಿಗೆ 50 ಪೈಸೆ ಹಿಡಿದರೆ 45 ರೂಪಾಯಿ. ಚಹಾ, ಉಪಾಹಾರಕ್ಕೆ 50 ರೂಪಾಯಿ. ಒಟ್ಟು ಖರ್ಚು 301 ರೂಪಾಯಿ. ಉಳಿಯುವುದು 199 ರೂಪಾಯಿ. ಪ್ರಯಾಣ, ಮಳಿಗೆಯಲ್ಲಿಯ ಸಮಯ ಮತ್ತು ವರದಿ ಬರೆಯುವ ಸಮಯ ಸೇರಿ ನಾಲ್ಕೂವರೆ ಗಂಟೆಯಾದರೆ ಗಂಟೆಗೆ 44 ರೂಪಾಯಿ ದಕ್ಕಿದಂತಾಯಿತು. 2025-26ನೇ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಯೋಜನೆಯ ದಿನಗೂಲಿ 370 ರೂಪಾಯಿ ಇತ್ತು. 8 ಗಂಟೆಗೆ ಭಾಗಿಸಿದರೆ ಗಂಟೆಗೆ 46 ರೂಪಾಯಿ. ಅಂದರೆ ಪದವೀಧರನು ಬೈಕು ಓಡಿಸಿ, ವರದಿ ಬರೆದು ಗಳಿಸಿದ್ದು ಗುದ್ದಲಿ ಹಿಡಿದವನ ಕೂಲಿಗಿಂತ ಕಡಿಮೆ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಎರಡನೆಯ ಸಂದರ್ಭ: ಅದೇ ಯುವಕನಿಗೆ ಗಂಗಾವತಿಯಲ್ಲಿಯೇ ಕೆಲಸ ದೊರೆತಿದೆ, ಸಂಭಾವನೆ 300 ರೂಪಾಯಿ, ಖರ್ಚು 40 ರೂಪಾಯಿ, ಸಮಯ 2 ಗಂಟೆ. ಗಂಟೆಗೆ 130 ರೂಪಾಯಿ. ಸಂಭಾವನೆ ಕಡಿಮೆಯಾದರೂ ಗಳಿಕೆ ಮೂರು ಪಟ್ಟು.

ಮೂರನೆಯ ಸಂದರ್ಭ: ಅಂಗಡಿಯ ಖರೀದಿಗಾಗಿ ಹೇಗೂ ಕೊಪ್ಪಳಕ್ಕೆ ಹೋಗಬೇಕಾಗಿದೆ, ಅದೇ ದಿನ ಅಲ್ಲಿ 500 ರೂಪಾಯಿಯ ಎರಡು ಕೆಲಸ ಮಾಡಲಾಗಿದೆ. ಹೆಚ್ಚಿನ ಖರ್ಚು 80 ರೂಪಾಯಿ, ಹೆಚ್ಚಿನ ಸಮಯ 4 ಗಂಟೆ. ಉಳಿದದ್ದು 920 ರೂಪಾಯಿ. ಗಂಟೆಗೆ 230 ರೂಪಾಯಿ.

ಈ ಮೂರು ಲೆಕ್ಕಗಳಿಂದ ತಿಳಿಯುವುದೇನೆಂದರೆ, ಲಾಭ-ನಷ್ಟವನ್ನು ತೀರ್ಮಾನಿಸುವುದು ಸಂಭಾವನೆಯ ಮೊತ್ತವಲ್ಲ, ದಾರಿಯ ಖರ್ಚು. ಕೆಲಸಕ್ಕಾಗಿಯೇ ಊರು ಬಿಟ್ಟು ಹೋಗುವವನಿಗೆ ನಷ್ಟ. ಹೋಗುವ ದಾರಿಯಲ್ಲಿ ಕೆಲಸ ಮಾಡಿಕೊಂಡು ಬರುವವನಿಗೆ ಲಾಭ.

ಇದರ ಮೇಲೆ ಇನ್ನೆರಡು ಬಾಬುಗಳನ್ನು ಸೇರಿಸಬೇಕು. ಒಂದು, ತಿರಸ್ಕೃತ ವರದಿ. ಬಿಲ್ಲು ಮರೆತರೆ, ಸಮಯ ತಪ್ಪಿದರೆ, ಒಂದು ಪ್ರಶ್ನೆ ಖಾಲಿ ಉಳಿದರೆ ಸಂಭಾವನೆ ಕೈತಪ್ಪಬಹುದು; ಪೆಟ್ರೋಲು ಮಾತ್ರ ಮರಳಿ ಬಾರದು. ಎರಡು, ತೊಡಗಿಸಿದ ಹಣದ ಬಡ್ಡಿ. ಕೆಲವು ಕೆಲಸಗಳಲ್ಲಿ ಮೊದಲು ಸ್ವಂತ ಹಣದಿಂದ ಖರೀದಿಸಿ, ನಂತರ ಏಜೆನ್ಸಿಯಿಂದ ಮರುಪಾವತಿ ಪಡೆಯಬೇಕಾಗುತ್ತದೆ. 1,500 ರೂಪಾಯಿ ಎರಡು ತಿಂಗಳು ಸಿಕ್ಕಿಬಿದ್ದರೆ, ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ 60 ರೂಪಾಯಿ ಹೋದಂತೆ. 300 ರೂಪಾಯಿಯ ಸಂಭಾವನೆಯಲ್ಲಿ ಇದು ಐದನೆಯ ಒಂದು ಪಾಲು.

ಒಂದು ತಿಂಗಳಲ್ಲಿ ಊರೊಳಗಿನ ಎರಡು ಕೆಲಸ ಹಾಗೂ ಕೊಪ್ಪಳದ ಪ್ರಯಾಣದಲ್ಲಿ ಎರಡು ಕೆಲಸ ದೊರೆತವೆಂದು ಭಾವಿಸೋಣ. ಒಟ್ಟು ಸಂಭಾವನೆ 1,600 ರೂಪಾಯಿ. ಇದರಲ್ಲಿ ಐದನೆಯ ಒಂದು ಪಾಲು ತಿರಸ್ಕೃತವಾದರೆ ಕೈಗೆ ಬರುವುದು 1,280 ರೂಪಾಯಿ; ಖರ್ಚು 160 ರೂಪಾಯಿ ಕಳೆದರೆ 1,120 ರೂಪಾಯಿ. ವರ್ಷಕ್ಕೆ 13,440 ರೂಪಾಯಿ. ದೀಪಾವಳಿಯ ಬಟ್ಟೆಗೋ, ಮಕ್ಕಳ ಪುಸ್ತಕಕ್ಕೋ ಇದು ಆದೀತು, ಸಂಸಾರಕ್ಕೆ ಆಧಾರವಾಗದು.

ಚಿಕ್ಕ ಊರಿನ ತೊಡಕು

ತಿಂಗಳಿಗೆ ನಾಲ್ಕು ಕೆಲಸಗಳೆಂಬ ಮೇಲಿನ ಊಹೆಯೂ ಉದಾರವಾದದ್ದೇ. ಮಹಾನಗರದಲ್ಲಿ ಒಂದೇ ಬ್ಯಾಂಕಿನ ಹತ್ತಾರು ಶಾಖೆಗಳಿರುತ್ತವೆ, ಒಂದೇ ಕಂಪನಿಯ ಹಲವು ಮಳಿಗೆಗಳಿರುತ್ತವೆ. ಯಲಬುರ್ಗಾ ಅಥವಾ ಕುಷ್ಟಗಿಯಲ್ಲಿ ಅಂಥವು ಬೆರಳೆಣಿಕೆಯಷ್ಟು. ಒಮ್ಮೆ ಭೇಟಿಯಿತ್ತ ವ್ಯಕ್ತಿಯನ್ನು ಅದೇ ಮಳಿಗೆಗೆ ಕೆಲವು ತಿಂಗಳವರೆಗೆ ಮತ್ತೆ ಕಳುಹಿಸದಿರುವುದು ಈ ಉದ್ಯೋಗದ ಸಾಮಾನ್ಯ ನಿಯಮ. ಹೀಗಾಗಿ ಮೊದಲ ತಿಂಗಳಲ್ಲಿ ಬಂದ ಕೆಲಸ ಎರಡನೆಯ ತಿಂಗಳಿನಲ್ಲಿಯೂ ಬರುತ್ತದೆಂಬ ಭರವಸೆಯಿಲ್ಲ.

ಇದಕ್ಕಿಂತ ಮುಖ್ಯವಾದ ತೊಡಕು ಇನ್ನೊಂದಿದೆ. ಗುರುತು ಸಿಗದಿರುವುದೇ ಈ ಕೆಲಸದ ಬಂಡವಾಳ. ನಮ್ಮ ಪೇಟೆಗಳಲ್ಲಿ ಅಪರಿಚಿತನಾಗಿ ಉಳಿಯುವುದು ಸುಲಭವಲ್ಲ. ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ "ಬರ್ರಿ, ಕೂಡ್ರಿ, ನಿಮ್ಮ ತಂದೆಯವರು ಆರಾಮ ಅದಾರೇನ್ರಿ?" ಎಂಬ ಪ್ರಶ್ನೆ ಎದುರಾದರೆ ಆ ಭೇಟಿಯ ವರದಿಗೆ ಯಾವ ಬೆಲೆಯೂ ಉಳಿಯುವುದಿಲ್ಲ. ಪರಿಚಯದವನಿಗೆ ದೊರೆತ ಆದರ ಬೇರೆ, ಹಳ್ಳಿಯಿಂದ ಬಂದ ಅಪರಿಚಿತನಿಗೆ ದೊರೆಯುವ ಉಪಚಾರ ಬೇರೆ. ಆದ್ದರಿಂದ ಕುಷ್ಟಗಿಯ ವ್ಯಕ್ತಿ ಕೊಪ್ಪಳದಲ್ಲಿ, ಕೊಪ್ಪಳದವನು ಗಂಗಾವತಿಯಲ್ಲಿ ಕೆಲಸ ಮಾಡುವುದು ಯೋಗ್ಯ. ಆದರೆ ಹಾಗೆ ಮಾಡಿದಾಗ ದಾರಿಯ ಖರ್ಚು ಗಳಿಕೆಯನ್ನು ನುಂಗುತ್ತದೆ. ಕೆಲಸಕ್ಕೆ ಬೇಕಾದ ಗೋಪ್ಯತೆ ಮತ್ತು ಗಳಿಕೆಗೆ ಬೇಕಾದ ಸಾಮೀಪ್ಯ ಇವೆರಡೂ ನಮ್ಮ ತಾಲೂಕುಗಳಲ್ಲಿ ಒಟ್ಟಿಗೆ ದೊರೆಯುವುದು ವಿರಳ.

ತೆರಿಗೆಯ ಮುಖ

ವರ್ತಕರ ಪಾಲಿಗೆ ಅತಿ ಎಚ್ಚರಿಕೆಯಿಂದ ಗಮನಿಸತಕ್ಕ ಅಂಶ ಇದು. ಮಿಸ್ಟರಿ ಶಾಪಿಂಗ್ ಮಾಡಿಕೊಡುವುದು ಜಿಎಸ್‌ಟಿ ದೃಷ್ಟಿಯಲ್ಲಿ ಒಂದು ಸೇವೆ. ಜಿಎಸ್‌ಟಿ ಲೆಕ್ಕ ಅಂಗಡಿಯ ಹೆಸರಿನ ಮೇಲೆ ಹೋಗುವುದಿಲ್ಲ, ಪ್ಯಾನ್ ಸಂಖ್ಯೆಯ ಮೇಲೆ ಹೋಗುತ್ತದೆ. ಅಂಗಡಿಯ ಒಡೆಯನು ತನ್ನದೇ ಪ್ಯಾನ್ ಸಂಖ್ಯೆಯಲ್ಲಿ ಈ ಕೆಲಸ ಮಾಡಿದರೆ ಉಂಟಾಗುವ ಪರಿಣಾಮಗಳು ಮೂರು ಬಗೆಯವು.

ಮೊದಲನೆಯದಾಗಿ, ನೋಂದಣಿಯಿಲ್ಲದ ಸಣ್ಣ ವರ್ತಕರು. ಕೇವಲ ಸರಕು ಮಾರುವವರಿಗೆ ಮಾತ್ರ ವಾರ್ಷಿಕ 40 ಲಕ್ಷ ರೂಪಾಯಿವರೆಗೆ ನೋಂದಣಿಯಿಂದ ವಿನಾಯಿತಿಯಿದೆ. ಸರಕಿನ ಜೊತೆಗೆ ತೆರಿಗೆಗೊಳಪಡುವ ಸೇವೆಯನ್ನೂ ಒದಗಿಸಿದರೆ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ವರ್ಷಕ್ಕೆ 32 ಲಕ್ಷ ವಹಿವಾಟಿನ ಕಿರಾಣಿ ವರ್ತಕನು 300 ರೂಪಾಯಿಯ ಆಸೆಗೆ ಒಂದು ಕೆಲಸ ಒಪ್ಪಿಕೊಂಡರೆ ನೋಂದಣಿಯ ಹೊಣೆಯನ್ನು ತಾನಾಗಿಯೇ ತಲೆಯ ಮೇಲೆ ಎಳೆದುಕೊಂಡಂತೆ. 2025ರ ಜುಲೈ ತಿಂಗಳಲ್ಲಿ ಯುಪಿಐ ಜಮೆಗಳ ಆಧಾರದ ಮೇಲೆ ರಾಜ್ಯದ ಸಣ್ಣ ವರ್ತಕರಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟೀಸುಗಳು ಬಂದುದನ್ನು ನೆನೆದರೆ, ಖಾತೆಗೆ ಬಂದ ಹಣ ಯಾರ ಕಣ್ಣಿಗೂ ಬೀಳದೆಂಬ ಕಾಲ ಹೋಯಿತೆಂಬುದು ಸ್ಪಷ್ಟ.

ಎರಡನೆಯದಾಗಿ, ಕಾಂಪೋಸಿಷನ್ ಯೋಜನೆಯಲ್ಲಿರುವವರು. ಅಂತಹ ವರ್ತಕರಿಗೆ ಸೇವೆ ಒದಗಿಸಲು ಸೀಮಿತ ಅವಕಾಶವಿದೆ. ಆದರೆ ಅಂತರರಾಜ್ಯ ಪೂರೈಕೆಗೆ ಅವಕಾಶವಿಲ್ಲ. 2021ರ ಜನವರಿ 1ರಿಂದ ಈ ನಿರ್ಬಂಧ ಸರಕಿಗೆ ಮಾತ್ರವಲ್ಲದೆ ಸೇವೆಗೂ ಅನ್ವಯಿಸುತ್ತದೆ. ನೋಂದಾಯಿತ ಏಜೆನ್ಸಿಗೆ ಮಾಡಿದ ಸೇವೆಯ ಸ್ಥಳವೆಂದರೆ ಸಾಮಾನ್ಯವಾಗಿ ಆ ಏಜೆನ್ಸಿ ಇರುವ ಸ್ಥಳ. ಏಜೆನ್ಸಿ ಮುಂಬೈ ಅಥವಾ ದೆಹಲಿಯದಾಗಿದ್ದರೆ, ಭೇಟಿ ನೀಡಿದ ಮಳಿಗೆ ಕೊಪ್ಪಳದಲ್ಲಿಯೇ ಇದ್ದರೂ, ಅದು ಅಂತರರಾಜ್ಯ ಪೂರೈಕೆ. ಅಂದರೆ ಒಂದು ಸಣ್ಣ ಸಂಭಾವನೆಗಾಗಿ ಇಡೀ ಅಂಗಡಿಯ ಕಾಂಪೋಸಿಷನ್ ಅರ್ಹತೆಯೇ ತಪ್ಪಬಹುದು. ವರ್ಷಕ್ಕೆ 80 ಲಕ್ಷ ವಹಿವಾಟಿನ ವರ್ತಕನು ಶೇಕಡಾ 1ರಂತೆ 80,000 ರೂಪಾಯಿ ಕಟ್ಟಿ ನಿಶ್ಚಿಂತನಾಗಿರುವಾಗ, 13,000 ರೂಪಾಯಿಯ ಗಳಿಕೆಗೆ ಆ ನಿಶ್ಚಿಂತೆಯನ್ನು ಒತ್ತೆಯಿಡುವುದು ಜಾಣತನವಲ್ಲ.

ಮೂರನೆಯದಾಗಿ, ಸಾಮಾನ್ಯ ನೋಂದಣಿಯುಳ್ಳವರು. ಇವರು ಸಂಭಾವನೆಯ ಮೇಲೆ ಶೇಕಡಾ 18ರಂತೆ ತೆರಿಗೆ ವಿಧಿಸಿ ಬಿಲ್ಲು ಕೊಟ್ಟು, ರಿಟರ್ನಿನಲ್ಲಿ ತೋರಿಸಬೇಕು.

ಮನೆಯ ಬೇರೆ ವಯಸ್ಕ ಸದಸ್ಯರು ತಮ್ಮದೇ ಪ್ಯಾನ್ ಸಂಖ್ಯೆ ಮತ್ತು ತಮ್ಮದೇ ಬ್ಯಾಂಕ್ ಖಾತೆಯ ಮೂಲಕ ನಿಜವಾಗಿ ಈ ಕೆಲಸ ಮಾಡಿದರೆ ಈ ತೊಂದರೆಗಳಿಲ್ಲ. ಅವರ ಒಟ್ಟು ಸೇವಾ ವಹಿವಾಟು 20 ಲಕ್ಷ ಮೀರುವವರೆಗೆ ಜಿಎಸ್‌ಟಿ ನೋಂದಣಿ ಬೇಕಾಗಿಲ್ಲ. ಆದಾಯ ತೆರಿಗೆಯಲ್ಲಿ ಸಂಭಾವನೆಯನ್ನು ಆದಾಯವೆಂದು ತೋರಿಸಬೇಕು. ಪೆಟ್ರೋಲು, ಬಸ್ ಚಾರ್ಜು ಮುಂತಾದ ಖರ್ಚುಗಳನ್ನು ದಾಖಲೆಯಿದ್ದರೆ ಕಳೆಯಬಹುದು. 2025-26ರ ಆರ್ಥಿಕ ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ಬಹುತೇಕರಿಗೆ ತೆರಿಗೆ ಬಾರದು. ಆದರೆ ಏಜೆನ್ಸಿಯು ಮೂಲದಲ್ಲಿ ತೆರಿಗೆ ಕಡಿತ ಮಾಡಿದ್ದಲ್ಲಿ, ಆ ಹಣ ಮರಳಿ ಪಡೆಯಲು ರಿಟರ್ನ್ ಸಲ್ಲಿಸುವುದು ಅಗತ್ಯ. ಸರ್ಕಾರಿ ನೌಕರರ ವಿಚಾರ ಬೇರೆ: 2021ರ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳನ್ವಯ ಪೂರ್ವಾನುಮತಿಯಿಲ್ಲದೆ ಖಾಸಗಿ ಉದ್ಯೋಗ ಕೈಗೊಳ್ಳುವಂತಿಲ್ಲ. ಶಾಲಾ ಶಿಕ್ಷಕರಿರುವ ಮನೆಗಳವರು ಇದನ್ನು ಮರೆಯಬಾರದು.

ಮೋಸದ ಜಾಲ

ಈ ಉದ್ಯೋಗದ ಹೆಸರಿನಲ್ಲಿ ಗಳಿಸಿದವರ ಜೊತೆಗೆ ಕಳೆದುಕೊಂಡವರೂ ಇದ್ದಾರೆ. ಅಮೆರಿಕದಲ್ಲಿ ನಕಲಿ ಚೆಕ್ಕು ಕಳುಹಿಸಿ, ಅದನ್ನು ಬ್ಯಾಂಕಿಗೆ ಹಾಕಿ ಒಂದು ಭಾಗವನ್ನು ಬೇರೆಡೆಗೆ ರವಾನಿಸುವಂತೆ ಹೇಳುವುದು ಹಳೆಯ ತಂತ್ರ. ಚೆಕ್ಕು ಕೆಲದಿನಗಳ ನಂತರ ಮರಳುತ್ತದೆ. ರವಾನಿಸಿದ ಹಣ ಮರಳುವುದಿಲ್ಲ. ಭಾರತದಲ್ಲಿ ಇದೇ ಬಗೆಯ ಆಕರ್ಷಣೆಗೆ ದೊಡ್ಡ ಉದಾಹರಣೆಯೆಂದರೆ ಸ್ಪೀಕ್ ಏಷ್ಯಾ ಪ್ರಕರಣ. ವರ್ಷಕ್ಕೆ 11,000 ರೂಪಾಯಿ ಚಂದಾ ಕಟ್ಟಿದವರಿಗೆ ಸಮೀಕ್ಷೆ ತುಂಬಿದ್ದಕ್ಕಾಗಿ ಪ್ರತಿವಾರ ಹಣ ಎಂಬುದು ಆ ಯೋಜನೆಯ ಭರವಸೆಯಾಗಿತ್ತು. 2011ರಲ್ಲಿ ಮುಂಬೈ ಪೊಲೀಸರ ಆರ್ಥಿಕ ಅಪರಾಧಗಳ ವಿಭಾಗ ತನಿಖೆ ಕೈಗೊಂಡಿತು. ಚಂದಾದಾರರ ಹಣ ಸಿಕ್ಕಿಬಿದ್ದಿತು.

ಈಚೆಗೆ ಜಾಲ ಟೆಲಿಗ್ರಾಂ ಮತ್ತು ವಾಟ್ಸಾಪ್‌ಗೆ ಸ್ಥಳಾಂತರಗೊಂಡಿದೆ. ಮೊದಲು ಸುಲಭದ ಕೆಲಸ ಕೊಟ್ಟು 150 ಅಥವಾ 200 ರೂಪಾಯಿ ನಿಜವಾಗಿಯೇ ಜಮೆ ಮಾಡುತ್ತಾರೆ. ನಂಬಿಕೆ ಬಂದ ಮೇಲೆ, ಹೆಚ್ಚಿನ ಗಳಿಕೆಗೆ ಮುಂಗಡ ಕಟ್ಟಬೇಕೆನ್ನುತ್ತಾರೆ. ತೆರೆಯ ಮೇಲೆ ಲಾಭ ಏರುತ್ತ ಹೋಗುತ್ತದೆ. ಹಿಂಪಡೆಯಲು ಹೋದರೆ ಮತ್ತೊಂದು ಮುಂಗಡ. 2023ರ ಡಿಸೆಂಬರ್ ತಿಂಗಳಲ್ಲಿ ಇಂತಹ ಅರೆಕಾಲಿಕ ಉದ್ಯೋಗದ ವಂಚನೆಗೆ ಸಂಬಂಧಿಸಿದ ನೂರಕ್ಕೂ ಮಿಕ್ಕಿದ ಜಾಲತಾಣಗಳನ್ನು ಕೇಂದ್ರ ಸರ್ಕಾರ ನಿರ್ಬಂಧಿಸಿತು. ಆದರೂ ಹೆಸರು ಬದಲಿಸಿಕೊಂಡು ಹೊಸವು ಹುಟ್ಟುತ್ತಲೇ ಇರುತ್ತವೆ.

ವರ್ತಕರಿಗೆ ಇದರಲ್ಲಿ ಇನ್ನೊಂದು ಅಪಾಯವಿದೆ. "ನಿಮ್ಮ ಖಾತೆಗೆ ಹಣ ಬರುತ್ತದೆ, ಕಮಿಷನ್ ಇಟ್ಟುಕೊಂಡು ಉಳಿದದ್ದನ್ನು ಮುಂದೆ ಕಳುಹಿಸಿ" ಎಂಬುದೂ ಒಂದು ಕೆಲಸವೆಂದು ಹೇಳಲಾಗುತ್ತದೆ. ಆ ಹಣ ಬೇರೊಬ್ಬರಿಂದ ವಂಚಿಸಿದ್ದಾಗಿದ್ದರೆ, ದೂರು ಬಂದ ಕೂಡಲೇ ಖಾತೆ ಸ್ಥಗಿತಗೊಳ್ಳುತ್ತದೆ. ಮಗ ಮಾಡಿದ ತಪ್ಪಿಗೆ ಅಂಗಡಿಯ ಚಾಲ್ತಿ ಖಾತೆ ನಿಂತರೆ, ಬರಬೇಕಾದ ಭತ್ತದ ಹಣವೂ ಇಲ್ಲ, ಕೊಡಬೇಕಾದ ಹಮಾಲಿಯೂ ಇಲ್ಲ ಎಂಬ ಸ್ಥಿತಿ ಬರುತ್ತದೆ. ನಿಜವಾದ ಏಜೆನ್ಸಿ ಕೆಲಸ ಕೊಡಲು ಶುಲ್ಕ ಕೇಳುವುದಿಲ್ಲ, ಖಾತೆಯನ್ನು ಬಾಡಿಗೆಗೆ ಕೇಳುವುದಿಲ್ಲ, ಒಟಿಪಿ ಕೇಳುವುದಿಲ್ಲ. ದುಡಿಯುವವನೇ ದುಡ್ಡು ಕೊಡಬೇಕೆಂದರೆ ಅದು ಉದ್ಯೋಗವಲ್ಲ ಎಂಬ ಒಂದೇ ಸೂತ್ರ ಸಾಕು. ಮೋಸ ಹೋದವರು ನಾಚಿಕೆಯಿಂದ ಸುಮ್ಮನಿರದೆ ತಕ್ಷಣ 1930 ಸಂಖ್ಯೆಗೆ ಕರೆ ಮಾಡಬೇಕು; ದೂರು ಬೇಗ ದಾಖಲಾದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ವರದಿಯ ಆಚೆಗಿನ ಬದುಕು

ವರದಿ ಬರೆಯುವವನಿಗೆ ಅದು 300 ರೂಪಾಯಿಯ ಕೆಲಸ; ಕೌಂಟರಿನ ಹಿಂದೆ ನಿಂತ ಹುಡುಗನಿಗೆ ಅದು ತಿಂಗಳ ಪಗಾರ. ಬೆಳಗಿನಿಂದ ನಿಂತು ದಣಿದವನು ಒಂದು ಸಂಜೆ ನಗಲಿಲ್ಲವೆಂಬ ಕಾರಣಕ್ಕೆ ಆತನ ಕೆಲಸ ಹೋಗುವುದಾದರೆ ಅದು ಪರೀಕ್ಷೆಯಲ್ಲ, ಶಿಕ್ಷೆ. ಆದ್ದರಿಂದ ಈ ಕೆಲಸಕ್ಕೆ ಇಳಿಯುವವರು ಕಂಡದ್ದನ್ನು ಮಾತ್ರ ಬರೆಯಬೇಕು. ಹೋಗದೆಯೇ ಹೋದಂತೆ, ಕೇಳದೆಯೇ ಕೇಳಿದಂತೆ ಬರೆಯುವುದು ಕಳ್ಳ ತಕ್ಕಡಿಗೆ ಸಮಾನ. ತನ್ನ ಪ್ರತಿಸ್ಪರ್ಧಿಯ ಅಂಗಡಿಯನ್ನಾಗಲಿ, ಬಂಧುವಿನ ಅಂಗಡಿಯನ್ನಾಗಲಿ ಪರೀಕ್ಷಿಸುವ ಕೆಲಸವನ್ನು ಒಪ್ಪಿಕೊಳ್ಳಬಾರದು. ಗುಪ್ತವಾಗಿ ಧ್ವನಿ ಅಥವಾ ದೃಶ್ಯ ಮುದ್ರಿಸುವ ಮುನ್ನ ಏಜೆನ್ಸಿಯಿಂದ ಲಿಖಿತ ಸೂಚನೆ ಪಡೆಯುವುದು ಲೇಸು. ಅನ್ಯರ ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದಂತೆ 2023ರಲ್ಲಿ ಪ್ರತ್ಯೇಕ ಕಾಯ್ದೆಯೇ ಆಗಿದೆ.

ಕಂಪನಿಯ ಡೀಲರುಗಳಾಗಿರುವ ವರ್ತಕರಿಗೂ ಇಲ್ಲಿ ಒಂದು ಹಕ್ಕಿದೆ. ಪ್ರತಿಕೂಲ ವರದಿ ಬಂದಾಗ ಭೇಟಿಯ ದಿನಾಂಕ ಮತ್ತು ವೇಳೆಯನ್ನು ಕೇಳಿ ಪಡೆದು, ಅಂದು ಹಾಜರಿದ್ದವರು ಎಷ್ಟು, ಜನದಟ್ಟಣೆ ಎಷ್ಟು ಎಂಬುದನ್ನು ತಾಳೆ ನೋಡಬೇಕು. ಗವಿಸಿದ್ಧೇಶ್ವರ ಜಾತ್ರೆಯ ದಿನ ಕೊಪ್ಪಳದ ಅಂಗಡಿಯೊಂದರಲ್ಲಿ ಗಿರಾಕಿ ಹತ್ತು ನಿಮಿಷ ಕಾದದ್ದನ್ನು ಸಾಮಾನ್ಯ ದಿನದ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ.

ವರ್ತಕರಿಗೆ ನಿಜವಾದ ಲಾಭ ಎಲ್ಲಿ?

ಮಿಸ್ಟರಿ ಶಾಪಿಂಗಿನಿಂದ ಹಣ ಗಳಿಸುವುದಕ್ಕಿಂತ, ಅದನ್ನು ತಮ್ಮ ಅಂಗಡಿಗೆ ಬಳಸಿಕೊಳ್ಳುವುದರಲ್ಲಿ ನಮ್ಮ ವರ್ತಕರಿಗೆ ಹೆಚ್ಚಿನ ಲಾಭವಿದೆ. ಇದಕ್ಕೆ ಏಜೆನ್ಸಿಯೂ ಬೇಕಿಲ್ಲ. ನಾಲ್ಕು ಊರುಗಳ ವರ್ತಕರು ಪರಸ್ಪರ ಒಪ್ಪಂದ ಮಾಡಿಕೊಂಡರೆ ಸಾಕು. ಕೆಲಸದ ನಿಮಿತ್ತ ಕೊಪ್ಪಳಕ್ಕೆ ಬರುವ ಗಂಗಾವತಿಯ ವರ್ತಕನ ಮನೆಯವರು ಕೊಪ್ಪಳದ ಅಂಗಡಿಗೆ ಗಿರಾಕಿಯಾಗಿ ಹೋಗಲಿ. ಯಲಬುರ್ಗಾದವರು ಕುಷ್ಟಗಿಯಲ್ಲಿ ನೋಡಲಿ. ಒಂದೇ ಬಗೆಯ ವ್ಯಾಪಾರದವರನ್ನು ಜೋಡಿಸದಿದ್ದರೆ ಪೈಪೋಟಿಯ ಭಯವೂ ಇರದು. ದೂರದಿಂದ ಬಂದವರಾದ್ದರಿಂದ ಗುರುತು ಸಿಗದು. ಹೇಗೂ ಬಂದವರಾದ್ದರಿಂದ ದಾರಿಯ ಖರ್ಚಿಲ್ಲ. ಹಣಕ್ಕಾಗಿ ಮಾಡುವಾಗ ತೊಡಕಾದ ಎರಡೂ ಅಂಶಗಳು ಇಲ್ಲಿ ಅನುಕೂಲವಾಗಿ ಮಾರ್ಪಡುತ್ತವೆ.

ಪ್ರಶ್ನೆಗಳು ಸರಳವಾಗಿರಲಿ. ಬಂದ ಗಿರಾಕಿಯನ್ನು ಎಷ್ಟು ಹೊತ್ತಿಗೆ ಮಾತನಾಡಿಸಿದರು? ತೂಕ ಗಿರಾಕಿಗೆ ಕಾಣುವಂತಿತ್ತೇ? ಕೇಳದೆಯೇ ಬಿಲ್ಲು ಕೊಟ್ಟರೇ? ಮುದ್ರಿತ ಬೆಲೆಗಿಂತ ಹೆಚ್ಚು ಕೇಳಿದರೇ? ಇಲ್ಲದ ಸರಕನ್ನು ಕೇಳಿದಾಗ ಏನೆಂದರು? ಬದಲಾಯಿಸಲು ಹೋದಾಗ ಹೇಗೆ ನಡೆದುಕೊಂಡರು? ಸಾದಾ ಉಡುಪಿನ ಹಳ್ಳಿಯ ಗಿರಾಕಿಗೂ ಅದೇ ಮರ್ಯಾದೆ ದೊರೆಯಿತೇ? ಒಂದೇ ಭೇಟಿಯಿಂದ ತೀರ್ಪು ಕೊಡದೆ, ಸಂತೆಯ ದಿನ ಒಂದು, ಸಾಮಾನ್ಯ ದಿನ ಒಂದು, ಸಂಜೆಯ ವೇಳೆ ಒಂದು ಹೀಗೆ ಮೂರು ಭೇಟಿಗಳ ನಂತರವೇ ಒಡೆಯನು ಹುಡುಗರನ್ನು ಕೂಡಿಸಿಕೊಂಡು ಮಾತನಾಡಬೇಕು. ಯಾರ ಹೆಸರನ್ನೂ ಹಿಡಿಯದೆ, ಏನನ್ನು ತಿದ್ದಿಕೊಳ್ಳಬೇಕೆಂಬುದನ್ನು ಮಾತ್ರ ಹೇಳಿದರೆ ಉದ್ದೇಶ ಈಡೇರುತ್ತದೆ.

ತಯಾರಕರಿಗೂ ಇದು ಉಪಯುಕ್ತ. ಕಿನ್ನಾಳದ ಗೊಂಬೆಗಳನ್ನು ಬೇರೆ ಊರಿನ ಅಂಗಡಿಯಲ್ಲಿ ಯಾವ ಮೂಲೆಯಲ್ಲಿ ಇಟ್ಟಿದ್ದಾರೆ, ಏನು ಬೆಲೆ ಹೇಳುತ್ತಾರೆ, ಯಾರ ಕಲೆಯೆಂದು ವಿವರಿಸುತ್ತಾರೆಯೇ ಎಂಬುದು ಕುಶಲಕರ್ಮಿಗೆ ತಿಳಿಯುವುದು ಹೇಗೆ? ಬೆಂಗಳೂರಿನಲ್ಲಿ ಓದುತ್ತಿರುವ ಬಂಧುಗಳ ಮಗಳು ಒಂದು ಸಂಜೆ ಹೋಗಿ ನೋಡಿ ಬಂದರೆ ತಿಳಿದೀತು. ಭಾಗ್ಯನಗರದ ನೇಕಾರನ ಸೀರೆಗೂ, ಗಂಗಾವತಿಯ ಗಿರಣಿಯ ಅಕ್ಕಿ ಚೀಲಕ್ಕೂ ಇದೇ ಮಾತು. ತನ್ನ ಹೆಸರಿನ ಚೀಲದಲ್ಲಿ ಬೇರೆ ಅಕ್ಕಿ ಮಾರಾಟವಾಗುತ್ತಿದೆಯೇ ಎಂಬುದನ್ನು ತಿಳಿಯಲು ಒಂದು ಚೀಲ ಕೊಳ್ಳುವ ಖರ್ಚು ದೊಡ್ಡದಲ್ಲ.

ಒಟ್ಟಿನಲ್ಲಿ, ಮನೆಯ ವಯಸ್ಕ ಸದಸ್ಯರೊಬ್ಬರು ತಮ್ಮದೇ ಹೆಸರಿನಲ್ಲಿ, ಹೇಗೂ ಹೋಗುವ ಊರಿನಲ್ಲಿ, ಶುಲ್ಕ ಕೇಳದ ಏಜೆನ್ಸಿಗಾಗಿ ಈ ಕೆಲಸ ಮಾಡಿದರೆ ಕೈಖರ್ಚಿಗೆ ತಕ್ಕಷ್ಟು ದೊರೆಯುತ್ತದೆ. ಅಂಗಡಿಯ ಒಡೆಯನು ತನ್ನ ಹೆಸರಿನಲ್ಲಿ ಮಾಡಿದರೆ ಗಳಿಕೆಗಿಂತ ತೊಡಕೇ ಹೆಚ್ಚು. ಉಪ ಆದಾಯವನ್ನು ಅರಸಿ ಪರರ ಅಂಗಡಿಯ ಮೆಟ್ಟಿಲು ಹತ್ತುವ ಮುನ್ನ, ಒಂದು ದಿನ ತಮ್ಮದೇ ಅಂಗಡಿಯನ್ನು ಅಪರಿಚಿತ ಗಿರಾಕಿಯ ಕಣ್ಣಿನಿಂದ ನೋಡಲು ವರ್ತಕರು ಮನಸ್ಸು ಮಾಡಲಿ. ತಿರುಗಿ ಹೋಗುತ್ತಿದ್ದ ಒಬ್ಬ ಗಿರಾಕಿ ದಿನಕ್ಕೆ 50 ರೂಪಾಯಿ ಲಾಭ ತರುವಷ್ಟು ವ್ಯಾಪಾರ ಮಾಡಿ ಉಳಿದುಕೊಂಡರೂ, ವರ್ಷದ 300 ದಿನಕ್ಕೆ 15,000 ರೂಪಾಯಿಯಾಯಿತು. ಊರೂರು ಅಲೆದು ಗಳಿಸುವ 13,440 ರೂಪಾಯಿಗಿಂತ ಅದು ಹೆಚ್ಚು.